ಹತ್ತಿಗಣ್ಣಿನ ಜೋನ ಹಾಡು, ನಮ್ಮ ಹುಡುಗಿ ಗ್ಯಾದರಿಂಗು

ಡಿಸೆಂಬರ್ ಬಂತಂದ್ರ ನಮ್ಮ ಮನ್ಯಾಗ ಹೊಲಿಗಿ ಮಶಿನ್‌ಗೆ ಬಿಡುವಿಲ್ಲ. ಮೊಮ್ಮಕ್ಕಳ ಸಾಲಿ ಗ್ಯಾದರಿಂಗು. ಹ್ವಾದ ವರ್ಷ ನವಿಲು, ಅದರ ಹಿಂದಿನ ವರ್ಷ ಕಿತ್ತೂರ ಚೆನ್ನಮ್ಮ. ಈ ಸಲ ಮೊಮ್ಮಗಳು ಬಂದು, "ಆಯಿ, ನಂಗ ಚೆಕ್ಸ್ ಅಂಗಿ ಬೇಕು, ಕೊರಳಿಗೆ ಕೆಂಪು ಕರ್ಚೀಪು, ತಲಿಗೆ ಹುಲ್ಲಿನ ಟೊಪಗಿ" ಅಂದ್ಲು. ಅವರಜ್ಜನ ಹಳೇ ಚೆಕ್ಸ್ ಲುಂಗಿ ಇತ್ತು, ಅದನ್ನ ಕತ್ತರಿಸಾಕ ಕುಂತೆ.

"ಯಾವ ಹಾಡಿಗೆ ಕುಣೀತೀರವಾ?"

"ಇಂಗ್ಲೀಷ್ ಹಾಡು ಆಯಿ. ಕಾಟನ್ ಐ ಜೋ."

ಮೊಬೈಲ್‌ದಾಗ ಹಚ್ಚಿ ತೋರಿಸಿದ್ಲು. ಪಿಟೀಲು ಗಡಿಬಿಡಿಲೆ ಓಡತೈತಿ, ಕೆಳಗ ಡಬ್ ಡಬ್ ಅಂತ ಡಿಜೆ ತಾಳ. ಕಾಲು ತಾನ ಅಲುಗಾಡತೈತಿ, ಸುಳ್ಳ್ಯಾಕ ಹೇಳ್ಲಿ. ನಾ ಕೇಳಿದೆ, "ಕಾಟನ್ ಅಂದ್ರ ಹತ್ತಿ, ಐ ಅಂದ್ರ ಕಣ್ಣು. ಈ ಹತ್ತಿಗಣ್ಣಿನ ಜೋ ಅಂದ್ರ ಯಾರು?" ಆಕಿಗೆ ಗೊತ್ತಿಲ್ಲ. ಕುಣಿತ ಕಲಿಸೋ ಟೀಚರ್ ಕೇಳ್ರಿ ಅಂದೆ, ಅವರಿಗೂ ಗೊತ್ತಿಲ್ಲಂತ. "ಮಸ್ತ್ ಬೀಟ್ ಐತಿ, ಅಷ್ಟ" ಅಂದ್ರಂತ.

ಹತ್ತಿ ಅನ್ನೋ ಶಬ್ದ ಬಂತಲ್ಲ, ನನಗ ಸುಮ್ಮನ ಕೂಡಾಕ ಆಗಲಿಲ್ಲ. ನಾ ಹುಟ್ಟಿ ಬೆಳದದ್ದು ಅಣ್ಣಿಗೇರಿ ಕಡೆ ಎರಿಹೊಲದವರ ಮನ್ಯಾಗ. ಹತ್ತಿ ಬಿಡಿಸಿ ಬೆರಳು ಗೀರಿಸಿಕೊಂಡಾಕಿ. ಮಗನ ಕಡಿಂದ ಒಂದಿಷ್ಟು ಹುಡುಕಿಸಿ ಓದಿದೆ, ತಿಳೀಲಾರದ್ದನ್ನ ಅವನ ಕಡಿಂದ ಕೇಳಿಸಿಕೊಂಡೆ. ಆ ಹಾಡಿನ ಹಿಂದ ಇಷ್ಟು ದೊಡ್ಡ ಕತಿ ಐತಿ ಅಂತ ಅಂದಕೊಂಡಿರಲಿಲ್ಲ.

ಮೊದಲ ಈಗಿನ ಹಾಡಿಂದ ಹೇಳ್ತೇನಿ, ಆಮ್ಯಾಲ ಹಿಂದಕ್ಕ ಹೋಗೂಣು.

ಮೊಮ್ಮಗಳು ಹಚ್ಚಿದ ಹಾಡು ರೆಡ್‌ನೆಕ್ಸ್ ಅನ್ನೋ ಗುಂಪಿಂದು. ಕೇಳಿದ್ರ ಅಮೆರಿಕಾದ ಹಳ್ಳಿ ಮಂದಿ ಅನಸ್ತೈತಿ, ಆದ್ರ ಅವರು ಸ್ವೀಡನ್ ದೇಶದವರು. ನಮ್ಮ ಕಡೆ ಹುಡುಗರು ಜಾನಪದ ಹಾಡಿಗೆ ಡಿಜೆ ತಾಳ ಕೂಡಿಸಿ ಹೊಸ ಹಾಡು ಮಾಡ್ತಾರಲ್ಲ, ಹಂಗ 1994ರಾಗ ಅಲ್ಲಿ ಸ್ಟುಡಿಯೋದವರು ಅಮೆರಿಕಾದ ಒಂದು ಹಳೇ ಹಳ್ಳಿ ಹಾಡು ತಗೊಂಡು ಡಿಸ್ಕೋಕ್ಕ ಕುಣಿಯೋ ಹಂಗ ಮಾಡಿದ್ರು. ನಡುವಿನ ನುಡಿ ಹೊಸದಾಗಿ ಬರದ್ರು, ಪಲ್ಲವಿ ಮಾತ್ರ ಹಳೇದ ಇಟಗೊಂಡ್ರು. ನಡುವಿನ ನುಡಿ ಹಾಡಿದ ಹೆಣ್ಣುಮಗಳು ಆನಿಕಾ ಯುಂಗ್‌ಬೆರ್ಯ್. ಪಲ್ಲವಿಯ ಗಂಡಸಿನ ದನಿ ಯೋರಾನ್ ಡ್ಯಾನಿಯೆಲ್ಸನ್ ಅನ್ನೋರದು, ವಿಡಿಯೋದಾಗ ಬಾಯಿ ಆಡಸಾವ ಬ್ಯಾರೆ.

ರೆಡ್‌ನೆಕ್ ಅಂದ್ರ ಕೆಂಪು ಕೊರಳು. ಬಿಸಿಲಾಗ ದುಡದು ಕೊರಳು ಕೆಂಪಾದ ಅಮೆರಿಕಾದ ತೆಂಕಣ ಸೀಮಿ ಬಡ ಬಿಳಿ ರೈತರಿಗೆ ಹಂಗಿಸಿ ಅನ್ನೋ ಮಾತದು. ಅದನ್ನ ಬೇಕಂತಲೆ ಸ್ಪೆಲ್ಲಿಂಗ್ ತಪ್ಪಿಸಿ ಗುಂಪಿಗೆ ಹೆಸರಿಟ್ರು. ಹರಕ ಅರಬಿ, ಹೊಲಸ ಮಾರಿ, ಹುಲ್ಲಿನ ಟೊಪಗಿ ವೇಷ. "ನಾವು ಅಮೆರಿಕಾದ ಐಡಾಹೊ ರಾಜ್ಯದ ಬ್ರುಂಕೆಫ್ಲೊ ಊರಿನವರು" ಅಂತ ಕತಿ ಕಟ್ಟಿದ್ರು. ಅಂಥಾ ಊರ ಅಲ್ಲಿಲ್ಲ!

ಹಾಡು ಮಾತ್ರ ಬೆಂಕಿ ಹತ್ತಿದಂಗ ಓಡ್ತು. ಜರ್ಮನಿ ಪಟ್ಟಿಯೊಳಗ 10 ವಾರ ಮೊದಲನೇ ನಂಬರು, ಬ್ರಿಟನ್‌ದಾಗ 1995ರ ಜನೇವರಿಯಿಂದ 3 ವಾರ ಮೊದಲನೇ ನಂಬರು. ಹಾಡಿನ ತವರುಮನಿ ಅಮೆರಿಕಾದಾಗ ಅದು ಏರಿದ್ದು 25ನೇ ನಂಬರಿನ ತನಕ. ಆದ್ರೂ ಇವತ್ತಿಗೂ ಅಲ್ಲಿ ಆಟದ ಮೈದಾನದಾಗ, ಮದವಿ ಪಾರ್ಟಿಯೊಳಗ, ಸಾಲಿ ಮಕ್ಕಳ ಕುಣಿತದಾಗ ಇದನ್ನ ಹಚ್ಚತಾರ. ಅಲ್ಲಿಂದ ಹುಬ್ಬಳ್ಳಿ ಸಾಲಿ ಸ್ಟೇಜಿಗೂ ಬಂತು.

ಇನ್ನ ಹಿಂದಕ್ಕ ಹೋಗೂಣು.

ಈ ಹಾಡು ಅಮೆರಿಕಾದ ತೆಂಕಣ ರಾಜ್ಯಗಳಾಗ 1861ರ ಅಂತರ್ಯುದ್ಧಕ್ಕಿಂತ ಮೊದಲ ಇತ್ತು ಅಂತ ತಿಳದವರು ಹೇಳ್ತಾರ. ಕಟ್ಟಿದವರ ಹೆಸರಿಲ್ಲ, ನಮ್ಮ ಬೀಸೂ ಕಲ್ಲಿನ ಹಾಡಿಗೆ ಹೆಸರಿಲ್ಲಲ್ಲ ಹಂಗ. ಅಚ್ಚಿನಾಗ ಮೊದಲ ಸಲ ಬಂದದ್ದು 1882ರಾಗ, ಲೂಯಿಸ್ ಕ್ಲಾರ್ಕ್ ಪಿರ್ನೆಲ್ ಅನ್ನೋ ಹೆಣ್ಣುಮಗಳ ಪುಸ್ತಕದಾಗ. ಆಕಿ ಅಪ್ಪ ಅಲಬಾಮಾದಾಗ ಗುಲಾಮರನ್ನ ಇಟ್ಟುಕೊಂಡ ದೊಡ್ಡ ಜಮೀನುದಾರ. ಸಣ್ಣಾಕಿ ಇದ್ದಾಗ ಆ ಹೊಲಮನಿಯೊಳಗ ಕೇಳಿದ್ದನ್ನ ದೊಡ್ಡಾಕಿ ಆದ ಮ್ಯಾಲ ಬರದಿಟ್ಲು.

1922ರಾಗ ಥಾಮಸ್ ಟ್ಯಾಲಿ ಅನ್ನೋರು ಕಪ್ಪು ಮಂದಿ ಪದಗಳನ್ನ ಕೂಡಿಸಿ ಪುಸ್ತಕ ತಂದ್ರು, ಅದರಾಗೂ ಜೋನ ಹಾಡು ಐತಿ. ಟ್ಯಾಲಿಯವರು ಸ್ವತಃ ಕಪ್ಪು ಮಂದಿ ಮನೆತನದವರು, ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಾಗ ಕೆಮಿಸ್ಟ್ರಿ ಕಲಿಸ್ತಿದ್ರು. ಕೆಮಿಸ್ಟ್ರಿ ಮಾಸ್ತರು ತಮ್ಮ ಹಿರೇರ ಹಾಡು ಕಳೀಬಾರದು ಅಂತ ಬರಕೊಂಡ ಕೂತ್ರು, ನೋಡ್ರಿ. ಮೂರು ವರ್ಷ ಆದ ಮ್ಯಾಲ, 1925ರಾಗ, ಟೆಕ್ಸಾಸ್ ಮಗಳು ಡೊರೊಥಿ ಸ್ಕಾರ್‌ಬರೊ ಇನ್ನೊಂದು ಪುಸ್ತಕ ತಂದ್ಲು. ಆಕಿ ತಂಗಿಯೋ ಅಕ್ಕನೋ ಈ ಹಾಡಿನ ಸ್ವಲ್ಪ ಭಾಗ ಟೆಕ್ಸಾಸಿನ ಹೊಲದಾಗ ದುಡಿಯೋ ಕಪ್ಪು ಮಂದಿ ಕಡಿಂದ ಕಲತಿದ್ಲು, ಉಳಿದದ್ದು ಲೂಯಿಸಿಯಾನಾದ ಒಬ್ಬರ ಕಡಿಂದ ಅಂತ ಅದರಾಗ ಬರದೈತಿ. ಯಾರ ಬಾಯಿಂದ ಯಾರ ಬಾಯಿಗೆ ಬಂತು ಅನ್ನೂದನ್ನೂ ಬರದಿಟ್ಟಾಳ. ಅದು ನಂಗ ಭಾಳ ಸೇರ್ತು.

ಹಾಡಿನಾಗ ಏನೈತಿ? ಕತಿ ಸಣ್ಣದು. ಜೋ ಅನ್ನಾವ ಒಬ್ಬವ ಊರಿಗೆ ಬರತಾನ, ಹೊಕ್ಕಾನ. ಅವ ಬರದಿದ್ರ ನನ್ನ ಮದವಿ ಯಾವಾಗೋ ಆಗಿರತಿತ್ತು ಅಂತ ಹಾಡೋರ ಗೋಳು. ಕೆಲವು ಕಡೆ ಹಾಡೋರು ಗಂಡಸು, ಅವನ ಹುಡುಗಿನ್ನ ಜೋ ಕರಕೊಂಡು ಹೋಗ್ಯಾನ. ಕೆಲವು ಕಡೆ ಹೆಣ್ಣುಮಗಳ ಗೋಳು. ಪಲ್ಲವಿ ತುಂಬ ಒಂದ ಪ್ರಶ್ನಿ, ಆ ಮನಷ್ಯಾ ಬಂದದ್ದೆಲ್ಲಿಂದ, ಹೋಗಿದ್ದೆಲ್ಲಿಗೆ ಅಂತ. ಉತ್ತರ ಹಾಡಿನಾಗ ಎಲ್ಲೂ ಬರೂದಿಲ್ಲ.

ಹತ್ತಿಗಣ್ಣು ಅಂದ್ರೇನು ಅನ್ನೂದಕ್ಕ ಒಬ್ಬೊಬ್ಬರು ಒಂದೊಂದು ಹೇಳ್ತಾರ. ಕಣ್ಣಿಗೆ ಪೊರೆ ಬಂದು ಬೆಳ್ಳಗಾದಾವ ಅಂತ ಕೆಲವರು. ಕಪ್ಪು ಮಾರಿಯೊಳಗ ಕಣ್ಣಿನ ಬಿಳುಪು ಎದ್ದು ಕಾಣತಿತ್ತು ಅಂತ ಕೆಲವರು. ಕಳ್ಳಭಟ್ಟಿ ಕುಡದು ಕಣ್ಣು ಮಂಜಾದಾವ ಅಂತ ಇನ್ನ ಕೆಲವರು.

ನಂಗ ಕಾಡಿದ್ದು ಆ ಪ್ರಶ್ನಿ. ಆ ಕಾಲ ಎಂಥಾದ್ದು ನೋಡ್ರಿ. 1793ರಾಗ ಎಲಿ ವಿಟ್ನಿ ಅನ್ನಾವ ಬೀಜದಿಂದ ಅರಳಿ ಬಿಡಿಸೋ ಜಿನ್ನು ಕಂಡು ಹಿಡದ. ಆಮ್ಯಾಲ ತೆಂಕಣ ರಾಜ್ಯಗಳ ತುಂಬ ಹತ್ತಿ ಆತು. ಅರಳಿ ಬಿಡಸೂದಕ್ಕ ಮಶಿನ್ ಬಂತು ಖರೆ, ಹೊಲದಾಗ ಹತ್ತಿ ಬಿಡಸೂದಕ್ಕ ಕೈನ ಬೇಕಿತ್ತು. 1860ರ ಜನಗಣತಿಯೊಳಗ ಅಲ್ಲಿ ಸುಮಾರು 39.5 ಲಕ್ಷ ಮಂದಿ ಗುಲಾಮರಿದ್ರು. ಅವರು ಮದವಿ ಆದ್ರ ಕಾಯ್ದೆ ಪ್ರಕಾರ ಅದು ಮದವಿನ ಅಲ್ಲ. ಮಾಲಕನಿಗೆ ಸಾಲ ಆದ್ರ ಗಂಡನ್ನ ಒಂದು ಕಡೆ, ಹೆಂಡತಿನ್ನ ಒಂದು ಕಡೆ, ಮಕ್ಕಳನ್ನ ಮತ್ತೊಂದು ಕಡೆ ಮಾರತಿದ್ರು. ನಿನ್ನೆ ಇದ್ದವ ಇವತ್ತಿಲ್ಲ. ಹೊಸಬರು ಎಲ್ಲಿಂದಲೋ ಬರತಿದ್ರು, ಇದ್ದವರು ಎಲ್ಲಿಗೋ ಹೋಗತಿದ್ರು. ಅಂಥಾ ಮಂದಿ ನಡುವ ಬೆಳದ ಹಾಡಿನಾಗ ಎಲ್ಲಿಂದ ಬಂದ, ಎಲ್ಲಿಗೆ ಹ್ವಾದ, ನನ್ನ ಮದವಿ ಮುರೀತು ಅನ್ನೂದು ಬರೇ ಚ್ಯಾಷ್ಟಿ ಮಾತಾಗಿರಲಿಕ್ಕಿಲ್ಲ ಅಂತ ನನಗ ಅನಸ್ತೈತಿ. ಇದು ನನ್ನ ಎಣಿಕಿ. ಹೆಣ್ಣುಮಕ್ಕಳಿಗೆ ಅದು ಲಗೂನ ತಿಳೀತೈತಿ.

ಹಂಗಂತ ಅದು ಅಳೋ ಹಾಡ ಅಂತಲೂ ಅಲ್ಲ. ಮೊದಲಿಂದಲೂ ಪಿಟೀಲಿಗೆ ಕುಣಿಯೋ ಹಾಡು. ನಾವು ಪಿಟೀಲು ಅಂತೇವಲ್ಲ, ಆ ಶಬ್ದ ಅವರ ಫಿಡಲ್‌ದಿಂದ ಬಂದದ್ದು. ಮಾಲಕರ ಮನಿ ಕುಣಿತಕ್ಕ ಫಿಡಲ್ ನುಡಸೋರು ಎಷ್ಟೋ ಸಲ ಗುಲಾಮರ ಇರತಿದ್ರು. ಜೋಡಿಗೆ ನುಡಸೋ ಬ್ಯಾಂಜೊ ಅಂತೂ ಆಫ್ರಿಕಾದಿಂದ ಬಂದ ಮಂದಿ ವಾದ್ಯ. ಮೊದಲ ಅದನ್ನ ಸೋರಿ ಬುರಡಿಗೆ ತೊಗಲು ಬಿಗದು ಮಾಡತಿದ್ರು. ಓದಿದಾಗ ನನ್ನ ಕಣ್ಮುಂದ ಬಂದದ್ದು ನಮ್ಮ ಊರ ಭಜನಿ ಮ್ಯಾಳದ ಏಕತಾರಿ, ಅದೂ ಬುರಡೀದ.

ಹಂಗಾದ್ರ ಇದು ಬಿಳಿ ಮಂದಿ ಹಾಡು ಅಂತ ಹೆಂಗ ಹೆಸರಾತು? ಅದಕ್ಕ ಅಂಗಡಿ ಲೆಕ್ಕಾನೂ ಒಂದು ಕಾರಣ. 1920ರ ಸುಮಾರಿಗೆ ಗ್ರಾಮೊಫೋನ್ ಪ್ಲೇಟಿನ ಕಂಪನಿಗಳು ಹಾಡನ್ನ ಎರಡು ಗಂಟು ಕಟ್ಟಿದ್ವು. ಕಪ್ಪು ಮಂದಿಗೆ ಮಾರೋದು ಒಂದು ಗಂಟು, ಬಿಳಿ ಹಳ್ಳಿ ಮಂದಿಗೆ ಮಾರೋದು ಇನ್ನೊಂದು. ಹೊಲದಾಗ, ಅಂಗಳದಾಗ ಎರಡೂ ಕೂಡಿ ಬೆಳದಿದ್ವು, ಪ್ಲೇಟಿನ ಅಂಗಡ್ಯಾಗ ಬ್ಯಾರೆ ಆದ್ವು. ಜೋನ ಹಾಡನ್ನ 1927ರಾಗ ಡೈಕ್ಸ್ ಮ್ಯಾಜಿಕ್ ಸಿಟಿ ಟ್ರಿಯೊ ಅನ್ನೋ ಬಿಳಿ ಮಂದಿ ಗುಂಪು ಪ್ಲೇಟು ಮಾಡ್ತು, ಅದು ಎರಡನೇ ಗಂಟಿನಾಗ ಸೇರ್ತು. ಅಲ್ಲಿಂದ ಮುಂದ ಅದು ಬಿಳಿ ಮಂದಿ ಕಂಟ್ರಿ ಹಾಡು ಅಂತ ನಡೀತು.

ಟೆಕ್ಸಾಸ್‌ದಾಗ ಅದಕ್ಕ ಇನ್ನೊಂದು ಬಣ್ಣ ಬಂತು. ಅಲ್ಲಿ ಜರ್ಮನಿ ಕಡಿಂದ, ಚೆಕ್ ಸೀಮಿಯಿಂದ ಬಂದು ನೆಲಿ ನಿಂತ ಒಕ್ಕಲುತನದ ಮಂದಿ ಭಾಳ. ಅವರ ಪೋಲ್ಕಾ ಕುಣಿತಕ್ಕ ಈ ಹಾಡು ಒಗ್ಗಿತು. ಅಡಾಲ್ಫ್ ಹಾಫ್ನರ್ 1941ರಾಗ ಪ್ಲೇಟು ಮಾಡಿದ್ರು, ಮುಂದ ಬಾಬ್ ವಿಲ್ಸ್ ಅವರ ಗುಂಪೂ ಮಾಡ್ತು. 1967ರಾಗ ಆಲ್ ಡೀನ್ ಮಾತಿಲ್ಲದ, ಬರೇ ವಾದ್ಯದ ಹಾಡು ಮಾಡಿದ್ರು, ಅದಂತೂ ಕುಣಿತದ ಮನಿಗಳ ತುಂಬ ಆತು. ಸಾಲಾಗಿ ಸೊಂಟಕ್ಕ ಕೈ ಕೊಟ್ಟು, ಬಂಡಿಗಾಲಿ ಕೀಲಿನಂಗ ಸುತ್ತ ತಿರುಗೋ ಕುಣಿತ. 1980ರಾಗ ಜಾನ್ ಟ್ರವೋಲ್ಟಾನ 'ಅರ್ಬನ್ ಕೌಬಾಯ್' ಸಿನೆಮಾದಾಗ ಈ ಕುಣಿತ ಬಂದ ಮ್ಯಾಲ ದೇಶಕ್ಕೆಲ್ಲ ಹುಚ್ಚು ಹಿಡೀತು. ಸ್ವೀಡನ್‌ದವರು ಕೈ ಹಚ್ಚಿದ್ದು ಇದರ ಕಡೀ ಕೂಸಿಗೆ.

ಈ ನಡುವ 1959ರಾಗ ನೀನಾ ಸಿಮೋನ್ ಅನ್ನೋ ಕಪ್ಪು ಹಾಡುಗಾರ್ತಿ ನ್ಯೂಯಾರ್ಕಿನ ಟೌನ್ ಹಾಲ್‌ದಾಗ ಇದ ಹಾಡನ್ನ ನಿಧಾನ, ಅಗದಿ ನಿಧಾನ ಹಾಡಿದ್ಲು. ಮಗ ಅದನ್ನೂ ಹಚ್ಚಿ ಕೊಟ್ಟ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಕಿವಿಗೆ ಹಚಗೊಂಡು ಕೇಳಿದೆ. ಅದ ಜೋ, ಅದ ಮುರದ ಮದವಿ. ಬೇಗ ಓಡೋದ್ರಾಗ ಕೇಳಿಸಲಾರದ್ದು ನಿಧಾನ ಆದಾಗ ಕೇಳಿಸ್ತು. ಸ್ವೀಡನ್‌ದವರ ಪಲ್ಲವಿಯೊಳಗೂ ಮಾತು ಅವ ಅದಾವು, ಗೋಳೂ ಅದ ಐತಿ. ಓಟದಾಗ ಅದರ ಕಡೆ ಯಾರ ಕಿವೀನೂ ಹೋಗೂದಿಲ್ಲ.

ಈಗ ನಮ್ಮ ಎರಿಹೊಲಕ್ಕ ಬರತೇನಿ. ಎಲ್ಲಿ ಅಮೆರಿಕಾ, ಎಲ್ಲಿ ಅಣ್ಣಿಗೇರಿ ಅನಬ್ಯಾಡ್ರಿ, ಸಂಬಂಧ ಐತಿ. 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿ ಅಮೆರಿಕಾದ ಹತ್ತಿ ಬೆಳೆಯೋರನ್ನ ಹಿಂದೂಸ್ತಾನಕ್ಕ ಕರಸ್ತು. ಅವರು ತಂದ ನ್ಯೂ ಆರ್ಲಿಯನ್ಸ್ ಬೀಜ ಬ್ಯಾರೆ ಕಡೆ ಅಷ್ಟು ಹಿಡೀಲಿಲ್ಲ, ಧಾರವಾಡ ಜಿಲ್ಲಾದ ಎರಿಮಣ್ಣಿಗೆ ಹಿಡೀತು. ಜವಾರಿ ಹತ್ತಿ ಬಾಜೂಕ ವಿಲಾಯತಿ ಹತ್ತಿ ಅಂತ ಬೆಳದ್ರು. ವಿಟ್ನಿಯ ನಮೂನಿ ಗರಗಸದ ಹಲ್ಲಿನ ಜಿನ್ನೂ ಧಾರವಾಡಕ್ಕ ಬಂದ್ವು. ಅಮೆರಿಕಾದ ಅಂತರ್ಯುದ್ಧ ಚಾಲೂ ಆಗಿ ಅಲ್ಲಿ ಹತ್ತಿ ಬರೂದು ನಿಂತಾಗ, 1861ರಿಂದ 65ರ ತನಕ, ವಿಲಾಯತಿ ಗಿರಣಿಗೆ ನಮ್ಮ ಕಡೀ ಹತ್ತಿ ಬೇಕಾತು. ರೇಟು ಆಕಾಶಕ್ಕ ಹೋತು. ಹತ್ತಿ ಹಡಗಿಗೆ ಹಾಕಾಕ ಕಾರವಾರ ಬಂದರ ಬೇಕು ಅಂತ 1862ರಾಗ ಉತ್ತರ ಕನ್ನಡ ಜಿಲ್ಲಾವನ್ನ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕ ಸೇರಿಸಿದ್ರು. ಯುದ್ಧ ಮುಗೀತು, ರೇಟು ಬಿತ್ತು, ಎಷ್ಟೋ ಮಂದಿ ಮುಣಗಿದ್ರು.

ಅಂದ್ರ ಜೋನ ಹಾಡು ಹಾಡತಿದ್ದ ಮಂದಿ ಬಿಡಿಸಿದ ಹತ್ತಿ ಬೀಜದ ಬಳಗ ನಮ್ಮ ಹೊಲಕ್ಕ ಬಂದಿತ್ತು. ಬೀಜದ ಲೆಕ್ಕ ಸರಕಾರ ಇಟ್ಟೈತಿ. ಎಷ್ಟು ಎಕರೆ, ಎಷ್ಟು ಅಂಡಗಿ, ಎಷ್ಟು ರೊಕ್ಕ, ಎಲ್ಲಾ ಗ್ಯಾಜೆಟಿಯರ್‌ದಾಗ ಸಿಗತೈತಿ. ಹತ್ತಿ ಬಿಡಸಾಗ ನಮ್ಮ ಹೆಣ್ಣುಮಕ್ಕಳು ಹಾಡಿದ್ದನ್ನ ಅದರಾಗ ಯಾರು ಬರೀತಾರ?

ಇಲ್ಲೊಂದು ನನ್ನ ತಪ್ಪು ಹೇಳಬೇಕು.

ನಮ್ಮವ್ವ ಹತ್ತಿ ಬಿಡಸಾಗ ಒಂದು ಹಾಡು ಹಾಡತಿದ್ಲು. ಅಂಡಗಿ ಹೇರಿಕೊಂಡು ಗದಗ ಪ್ಯಾಟಿಗೆ ಹ್ವಾದ ಅಣ್ಣನ ಬಂಡಿ ಯಾಕಿನ್ನೂ ತಿರಗಿ ಬರಲಿಲ್ಲ ಅಂತ ತಂಗಿ ದಾರಿ ನೋಡೋ ಹಾಡು. ಅವ್ವಗ ಅದು ಅವರವ್ವನಿಂದ ಬಂದದ್ದು. ಐದು ವರ್ಷದ ಹಿಂದ ನಮ್ಮಣ್ಣನ ಮಗನ ಮದವಿ ಮೆರವಣಿಗಿಯೊಳಗ ಡಿಜೆ ಹಚ್ಚಿದ್ರು. ಒಂದು ಜಾನಪದ ಹಾಡು ಬಂತು, ಧಾಟಿ ಅಗದಿ ಅದ. ಹುಡುಗರು ಕುಣಿಯಾಕ ಹತ್ತಿದ್ರು. ಅವ್ವ ನಡು ರಸ್ತೆದಾಗ ನಿಂತು ಕಿವಿ ಕೊಟ್ಟು ಕೇಳಿದ್ಲು. ನನ್ನ ಸೆರಗು ಜಗ್ಗಿ, "ಇದು ನಮ್ಮವ್ವನ ಹಾಡವಾ" ಅಂದ್ಲು. ಮತ್ತೂ ಏನೋ ಹೇಳಾಕ ಬಂದ್ಲು. ಗದ್ದಲದಾಗ ನಂಗ ಕೇಳಿಸಲಿಲ್ಲ. "ಮನಿಗೆ ಹೋಗಿ ಹೇಳಂತಿ ನಡಿ, ಕಾಲು ನೋಯತಾವು" ಅಂತ ಕೈ ಹಿಡದು ಕರಕೊಂಡು ಹೋದೆ. ಮನಿಗೆ ಹ್ವಾದ ಮ್ಯಾಲ ಬೀಗರು, ಊಟ, ಆಯೇರಿ ಗಡಿಬಿಡಿ. ಕೇಳಲೇ ಇಲ್ಲ. ಅವ್ವ ಹೋಗಿ ಈಗ ಎರಡು ವರ್ಷ. ಆ ಹಾಡಿನಾಗ ನನಗ ನೆನಪಿರೋದು ಎರಡ ನುಡಿ.

ಆ ಡಿಜೆ ಹುಡುಗರ ಮ್ಯಾಲ ನಂಗ ಸಿಟ್ಟಿಲ್ಲ. ಹಾಡು ಬದಲಾಗತೈತಿ. ಬಾಬ್ ವಿಲ್ಸ್ ಬದಲು ಮಾಡಿದ್ರು, ಪೋಲ್ಕಾದವರು ಮಾಡಿದ್ರು, ನೀನಾ ಸಿಮೋನ್ ಮಾಡಿದ್ಲು. ನಮ್ಮಜ್ಜಿ ಹಾಡಿದ್ದಕ್ಕ ನಮ್ಮವ್ವನೂ ಒಂದೆರಡು ನುಡಿ ತನ್ನವು ಕೂಡಿಸಿರತಾಳ. ಬದಲಾಗಿದ್ದಕ್ಕ ಜೋನ ಹಾಡು ನೂರಾ ಐವತ್ತು ವರ್ಷದ ಮ್ಯಾಲೂ ಉಳದೈತಿ. ನಂಗ ಕೆಡುಕು ಅನಸಿದ್ದು ಇಲ್ಲದ ಊರಿನ ಹೆಸರು ಹೇಳಿದ್ದು. ಹಾಡಿಗೆ ಖರೇ ತವರುಮನಿ ಇತ್ತು, ಟ್ಯಾಲಿ ಮಾಸ್ತರು, ಸ್ಕಾರ್‌ಬರೊ ಬರದಿಟ್ಟಿದ್ರು, ತಗದು ನೋಡಿದ್ರ ಸಿಗತಿತ್ತು. ಅದನ್ನ ಬಿಟ್ಟು ಹರಕ ಅರಬಿ ತೊಡಿಸಿ ಬ್ರುಂಕೆಫ್ಲೊದಿಂದ ಬಂತು ಅಂದ್ರು. ಇನ್ನೊಂದು ಮಾತು ಓದಿ ನಗೂ ಬಂತು, ಬ್ಯಾಸರಾನೂ ಆತು. 2007ರಾಗ ರೆಡ್‌ನೆಕ್ಸ್ ಅನ್ನೋ ಗುಂಪಿನ ಹೆಸರನ್ನ ಇಂಟರ್‌ನೆಟ್ಟಿನ ಹರಾಜಿಗೆ ಇಟ್ಟಿದ್ರು. ವೇಷಕ್ಕ ರೇಟು ಐತಿ. ಹಾಡು ಹೊಲದಾಗಿನದು, ಅದಕ್ಕ ವಾರಸುದಾರರಿಲ್ಲ.

ಇಷ್ಟೆಲ್ಲಾ ಓದಿ ಸುಮ್ಮನಿರಾಕ ಆಗದ ನವಲಗುಂದದಾಗಿರೋ ಚಿಗವ್ವಗ ಫೋನ್ ಮಾಡಿದೆ. ಆಕಿಗೆ ಎಂಬತ್ತರ ಮ್ಯಾಲ. ಮೊದಲ "ಈಗೆಲ್ಲಿ ನೆನಪು, ಬಿಡವಾ" ಅಂದ್ಲು. ನಾ ಎರಡು ನುಡಿ ಹಾಡಿದೆ. ಆ ಕಡೆ ಸ್ವಲ್ಪ ಹೊತ್ತು ಸಪ್ಪಳಿಲ್ಲ. ಆಮ್ಯಾಲ ಮೂರನೇ ನುಡಿ ತಾನ ಬಂತು, ನಾಕನೇದೂ ಬಂತು. ಆರನೇದರ ಹೊತ್ತಿಗೆ ಚಿಗವ್ವ ಅತ್ಲು. ಒಟ್ಟು ಏಳು ನುಡಿ ಸಿಕ್ಕಾವು. ಇನ್ನೂ ಇದ್ದವಂತ, ಅವು ಹ್ವಾದವು. ಹಿಟ್ಟಿನ ಡಬ್ಬಿ ಬಾಜೂಕ ಇಟ್ಟ ಲೆಕ್ಕದ ವಹಿಯೊಳಗ ಬರಕೊಂಡೇನಿ. ಮ್ಯಾಲ ನಮ್ಮಜ್ಜಿ ಹೆಸರು, ಆಕಿ ತವರೂರು, ನಮ್ಮವ್ವನ ಹೆಸರು, ಚಿಗವ್ವನ ಹೆಸರು, ತಾರೀಖು ಹಾಕೇನಿ.

ಗ್ಯಾದರಿಂಗಿನ ಹಿಂದಿನ ರಾತ್ರಿ ಅಂಗಿಗೆ ಗುಂಡಿ ಹಚ್ಚಿಕೋತ ಮೊಮ್ಮಗಳಿಗೆ ಜೋನ ಕತಿ ಹೇಳಿದೆ. ಗುಲಾಮರು ಅಂದ್ರ ಯಾರು, ಮಂದಿನ್ನ ಹೆಂಗ ಮಾರತಿದ್ರು ಅಂತ ಆಕಿ ಕೇಳಿದ್ದಕ್ಕೆಲ್ಲ ತಿಳಿಯೋ ಹಂಗ ಹೇಳಿದೆ. ಮಾರಿ ಸಣ್ಣದು ಮಾಡಿಕೊಂಡು, "ಹಂಗಾದ್ರ ನಾ ಕುಣೀಬಾರದನ ಆಯಿ?" ಅಂದ್ಲು. ಕುಣಿಯವಾ, ಕುಣಿಯೋ ಹಾಡ ಅದು ಅಂದೆ. ನಿಮ್ಮ ಹೆಸರು ಕೂಗಾಗ ಟೀಚರ್‌ಗೆ ಒಂದು ಮಾತು ಹೇಳಾಕ ಹೇಳು ಅಂದೆ.

ಮರದಿನ ಸ್ಟೇಜಿನ ಮ್ಯಾಲ ಹನ್ನೆರಡು ಹುಡುಗ್ಯಾರು ಚೆಕ್ಸ್ ಅಂಗಿ ಹಾಕ್ಕೊಂಡು ನಿಂತ್ರು. ಟೀಚರ್ ಮೈಕಿನಾಗ, "ಇದು ಅಮೆರಿಕಾದ ಹತ್ತಿ ಹೊಲದಾಗ ದುಡಿದ ಕಪ್ಪು ಜನರಿಂದ ಬಂದ ಹಳೇ ಜಾನಪದ ಹಾಡು" ಅಂದ್ರು. ಒಂದ ಸಾಲು. ಪುಣ್ಯಾತಗಿತ್ತಿ, ಅಷ್ಟರ ಹೇಳಿದ್ಲಲ್ಲ. ಆಮ್ಯಾಲ ಪಿಟೀಲು ಓಡ್ತು, ಹುಡುಗ್ಯಾರು ಕುಣಿದ್ರು, ನಾನೂ ಕುಂತಲ್ಲೇ ಚಪ್ಪಾಳಿ ಹೊಡದೆ.

ನಿಮ್ಮ ಮನ್ಯಾಗೂ ಹಾಡು ಬಲ್ಲ ಹಿರೇರು ಇದ್ರ ಇವತ್ತ ಕೂತು ಬರಕೋರಿ. ಹಾಡಿನ ಜೋಡಿ ಹಾಡಿದಾಕಿ ಹೆಸರು, ಊರು ಬರೀರಿ. ಮನಿಗೆ ಹೋಗಿ ಕೇಳೂಣು ಅನಬ್ಯಾಡ್ರಿ.